ನಲವತ್ತು ಡಿಗ್ರಿಯ ಮನೆ

"ರೀ... ರೀ! ಯಾರರ ಇದ್ದೀರೇನ್ರಿ ಕೆಳಗ? ಏಣಿ ಹಿಡೀರಿ!"

ಮಾರ್ಚ್ ಕೊನೆಯ ಒಂದು ಮಧ್ಯಾಹ್ನ. ಹೆಗ್ಗನಹಳ್ಳಿಯ ಒಂದು ಮನೆಯ ಟೆರೇಸಿನ ಮೇಲೆ ಶೀಟ್ ಹೊದಿಸಿದ ಕೋಣೆ. ಅದಕ್ಕೆ ಒರಗಿಸಿದ ಕಬ್ಬಿಣದ ಏಣಿ. ಏಣಿಯ ತುದಿಯಲ್ಲಿ, ಒಂದು ಕೈಯಲ್ಲಿ ಬಿಳಿ ಡಬ್ಬಿ ಅಪ್ಪಿ ಹಿಡಿದು, ಇನ್ನೊಂದು ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದಳು ದಾನಮ್ಮ. ಹತ್ತುವಾಗ ಉತ್ಸಾಹದಲ್ಲಿ ಹತ್ತಿಬಿಟ್ಟಿದ್ದಳು. ಇಳಿಯುವಾಗ ನೋಡಿದರೆ ಏಣಿ ಕಾದು ಕೆಂಡವಾಗಿತ್ತು. ಮುಟ್ಟಿದರೆ ಅಂಗೈ ಚುರ್ ಎನ್ನುತ್ತಿತ್ತು.

ಕೂಗು ಕೇಳಿ ಮೆಟ್ಟಿಲು ಹತ್ತಿ ಬಂದವನು ಕಾಂತರಾಜು. ಕೆಳಗಿನ ಶೀಟ್ ಅಂಗಡಿಯ ಮಾಲೀಕ, ಈ ಮನೆಯ ಮೊಮ್ಮಗ. ತನ್ನ ಮನೆಯ ಮೇಲೆ ಗುರುತಿಲ್ಲದ ಹುಡುಗಿ ಏಣಿ ಹತ್ತಿ ನಿಂತಿದ್ದನ್ನು ಕಂಡು ಅವನ ಹುಬ್ಬು ಗಂಟಾಯಿತು.

"ಯಾರ್ ನೀವು? ನಮ್ಮನೆ ಮೇಲೆ ಹತ್ತೋಕೆ ಯಾರು ಹೇಳಿದ್ರು ನಿಮ್ಗೆ?"

"ಮೊದಲ ಇಳಸ್ರಿ. ಆಮ್ಯಾಲ ಬೇಕಾದ್ರ ಜಗಳಾ ಮಾಡೂಣಂತ."

ಅವನಿಗೆ ಸಿಟ್ಟು ಬರಬೇಕಿತ್ತು. ಯಾಕೋ ನಗು ಬಂತು. ಹೆಗಲ ಮೇಲಿನ ಟವೆಲನ್ನು ನೀರಿನ ಡ್ರಮ್ಮಿನಲ್ಲಿ ಅದ್ದಿ ಮೇಲಕ್ಕೆ ಎಸೆದ. ಅವಳು ಅದನ್ನು ಒಂದೊಂದೇ ಮೆಟ್ಟಿಲಿಗೆ ಹೊದಿಸಿ, ಹಿಡಿದು, ಮತ್ತೆ ತೆಗೆದು ಇಳಿಯತೊಡಗಿದಳು. ಕೊನೆಯ ಮೆಟ್ಟಿಲಲ್ಲಿ ಕಾಲು ಜಾರಿತು.

ಇಂಥ ಕಥೆಗಳನ್ನು ಓದಿ ಪಳಗಿದವರು ಅವಳು ಅವನ ತೋಳಿಗೆ ಬಿದ್ದಳೆಂದು ಈಗಾಗಲೇ ತೀರ್ಮಾನಿಸಿರಬಹುದು. ಹಾಗೇನೂ ಆಗಲಿಲ್ಲ. ಅವಳು ತನ್ನ ಪಾಡಿಗೆ ತಾನು ನೆಲದ ಮೇಲೆ ಕುಕ್ಕರಿಸಿದಳು. ಕೈಯಿಂದ ಹಾರಿದ ಡಬ್ಬಿಯನ್ನು ಮಾತ್ರ ಕಾಂತರಾಜು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಡಬ್ಬಿಗೆ ಏನೂ ಆಗಿಲ್ಲಲ್ರಿ?" ಎಂದಳು ಅವಳು, ಮೊಣಕೈ ತರಚಿದ್ದನ್ನೂ ನೋಡಿಕೊಳ್ಳದೆ.

ಬಿದ್ದವಳು ಮೊದಲು ತನ್ನನ್ನು ನೋಡಿಕೊಳ್ಳದೆ ಡಬ್ಬಿಯನ್ನು ಕೇಳುತ್ತಾಳಲ್ಲ, ಇದೆಂಥ ಹುಡುಗಿ ಎಂದು ಅವನಿಗೆ ಆಶ್ಚರ್ಯ. ಆ ಆಶ್ಚರ್ಯ ಅವತ್ತು ರಾತ್ರಿಯವರೆಗೂ ಅವನನ್ನು ಬಿಡಲಿಲ್ಲ.

ಅಷ್ಟರಲ್ಲಿ ಅಜ್ಜಿ ಹನುಮಕ್ಕ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದರು. ಹತ್ತಲು ಹೇಳಿದವರು ಅವರೇ. ಮೊಮ್ಮಗನಿಗೆ ತಿಳಿಸಲು ಮರೆತಿದ್ದರು, ಅಷ್ಟೇ. ಹುಡುಗಿಯ ಮುಖವನ್ನೊಮ್ಮೆ, ಮೊಮ್ಮಗನ ಮುಖವನ್ನೊಮ್ಮೆ ದಿಟ್ಟಿಸಿ ನೋಡಿದರು. ಏನು ಅರ್ಥವಾಯಿತೋ, ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದರು.

ಮಜ್ಜಿಗೆ ಮುಗಿಯುವ ಹೊತ್ತಿಗೆ ಪರಿಚಯವೂ ಮುಗಿದಿತ್ತು. ದಾನಮ್ಮ ವಿಜಯಪುರದವಳು. ಪರಿಸರ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ನಾಗರಬಾವಿಯ ಹತ್ತಿರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲೇ ಹತ್ತಿರ ಬಾಡಿಗೆ ರೂಮು. ಹೊಲ ಹೋಗಿ ಮನೆ ಬಂದಾಗ, ಮರ ಹೋಗಿ ಶೀಟ್ ಬಂದಾಗ, ಊರಿನ ಬಿಸಿ ಎಷ್ಟು ಏರುತ್ತದೆ? ಇದು ಅವಳ ಪ್ರಶ್ನೆ. ಅದಕ್ಕಾಗಿ ಊರಿನ ಪಶ್ಚಿಮ ಭಾಗದಲ್ಲಿ ಎಂಟು ಜಾಗ ಆರಿಸಿದ್ದಳು. ಆರ್‌ಪಿಸಿ ಲೇಔಟಿನ ಮರಗಳ ಬೀದಿ ಒಂದು, ಕೆಂಗೇರಿಯ ಕೆರೆ ದಂಡೆ ಒಂದು, ಹೆಗ್ಗನಹಳ್ಳಿಯ ಈ ಮನೆ ಒಂದು. ಪ್ರತಿಯೊಂದು ಜಾಗದಲ್ಲೂ ಒಂದು ಬಿಳಿ ಡಬ್ಬಿ. ಒಳಗಿನ ಪುಟ್ಟ ಯಂತ್ರ ಹತ್ತು ನಿಮಿಷಕ್ಕೊಮ್ಮೆ ಬಿಸಿ ಎಷ್ಟಿದೆಯೆಂದು ಅಳೆದು ನೆನಪಿಟ್ಟುಕೊಳ್ಳುತ್ತದೆ. ಏಪ್ರಿಲ್, ಮೇ ಎರಡು ತಿಂಗಳು. ಮಧ್ಯೆ ಯಾರೂ ಮುಟ್ಟಬಾರದು. ಈ ಬೇಸಿಗೆ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ಶೀಟ್ ಕೆಳಗೆ ಬದುಕುವವರ ಬಿಸಿ ಎಷ್ಟೆಂದು ಲೆಕ್ಕ ಸಿಕ್ಕರೆ, ಅಂಥ ಮನೆಗಳಿಗೆ ಬಿಳಿ ಬಣ್ಣವೋ, ಬೀದಿಗೆ ಮರವೋ ಕೊಡಿಸಿ ಎಂದು ಕೇಳಬಹುದು. ಲೆಕ್ಕವಿಲ್ಲದಿದ್ದರೆ ಕೇಳುವುದಕ್ಕೇ ಬಾಯಿಲ್ಲ.

"ಅಂದ್ರೆ ನಾನು ಮಾರೋ ಶೀಟ್ ವಿರುದ್ಧ ಸಾಕ್ಷಿ ಹೇಳೋ ಡಬ್ಬಿನ ನಮ್ಮನೆ ಮೇಲೇ ಇಡ್ತೀರ" ಎಂದ ಕಾಂತರಾಜು.

"ಬ್ಯಾಡಂದ್ರ ಬ್ಯಾರೆ ಮನಿ ನೋಡ್ತೀನ್ರಿ."

"ಬೇಡ ಅಂತ ಹೇಳಿದ್ನಾ?"

ಶೀಟಿನ ತುದಿಗೆ ಕಟ್ಟಿದರೆ ಕೋತಿಗಳು ಕಿತ್ತುಕೊಂಡು ಹೋಗುತ್ತವೆಂದು ಹೇಳಿ, ಬಟ್ಟೆ ಒಣಗಿಸುವ ಹಗ್ಗದ ಕಂಬಕ್ಕೆ ಅವನೇ ಡಬ್ಬಿಯನ್ನು ಬಿಗಿದುಕೊಟ್ಟ. ಮುಂದಿನ ಎರಡು ತಿಂಗಳು ಅದನ್ನು ಬೆರಳಲ್ಲೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ. ಆ ಮಾತನ್ನು ಉಳಿಸಿಕೊಂಡ ಕೂಡ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು; ಯಾಕೆಂದರೆ ದಾನಮ್ಮನಿಗೆ ಇದು ತಿಳಿಯಲು ಬಹಳ ದಿನ ಹಿಡಿಯಿತು.

* * *

ಉಳಿದ ಏಳು ಡಬ್ಬಿಗಳನ್ನು ದಾನಮ್ಮ ಹದಿನೈದು ದಿನಕ್ಕೊಮ್ಮೆ ನೋಡಿ ಬರುತ್ತಿದ್ದಳು. ಹೆಗ್ಗನಹಳ್ಳಿಯ ಡಬ್ಬಿಯನ್ನು ಮಾತ್ರ ಪ್ರತಿ ಶನಿವಾರ, ಮಧ್ಯಾಹ್ನ ಒಂದಕ್ಕೆ. ಅಲ್ಲಿ ಧೂಳು ಜಾಸ್ತಿ ಎಂದು ಅವಳೇ ಒಂದು ಕಾರಣ ಹುಡುಕಿಕೊಂಡಿದ್ದಳು.

"ಧೂಳು ಜಾಸ್ತಿನೋ, ಧೂಳು ಒರೆಸಿಕೊಡೋರು ಚೆನ್ನಾಗಿದಾರೋ?" ಎಂದು ರೂಮಿನ ಗೆಳತಿ ಅಪೂರ್ವ ಕಾಲೆಳೆಯುತ್ತಿದ್ದಳು. ಅವಳು ಲಾ ಓದುತ್ತಿದ್ದವಳು. ಸಾಕ್ಷಿಯಿಲ್ಲದೆ ಮಾತಾಡುವವಳಲ್ಲ. ಶನಿವಾರ ಬಂತೆಂದರೆ ದಾನಮ್ಮ ಎರಡು ಸಲ ತಲೆ ಬಾಚುವುದನ್ನು ಅವಳು ಕಣ್ಣಾರೆ ಕಂಡಿದ್ದಳು.

ಶನಿವಾರ ಬಂದವಳಿಗೆ ಹನುಮಕ್ಕ ಊಟ ಹಾಕದೆ ಬಿಡುತ್ತಿರಲಿಲ್ಲ. ಮುದ್ದೆಯನ್ನು ಅಗಿಯದೆ ನುಂಗುವುದು ಅವಳಿಗೆ ಬರುತ್ತಿರಲಿಲ್ಲ. ಅವಳು ಅಗಿಯುವುದನ್ನು ನೋಡಿ ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಅವಳು ಅಜ್ಜಿಯನ್ನು ಆಯಿ ಎಂದು ಕರೆಯುತ್ತಿದ್ದಳು. ಕಾಂತರಾಜುವಿಗೆ ಮಾತು ಮಾತಿಗೂ ರೀ. ಇಲ್ಲಿ ಹಿಡೀರಿ, ಅಲ್ಲಿ ನೋಡ್ರಿ, ರೀ ಒಂದ್ ನಿಮಿಷ ಬರ್ರಿ. ಅವಳ ಊರಲ್ಲಿ ಮಾತು ಶುರುವಾಗುವುದೇ ಹಾಗೆ.

ಒಂದು ಶನಿವಾರ ಅವಳು ಲ್ಯಾಪ್‌ಟಾಪಿನಲ್ಲಿ ಹಳೆಯ ಉಪಗ್ರಹ ಚಿತ್ರವೊಂದನ್ನು ತೋರಿಸಿದಳು. ಮೂವತ್ತು ವರ್ಷದ ಹಿಂದಿನ ಹೆಗ್ಗನಹಳ್ಳಿ. ಹಸಿರು ಚೌಕಗಳೇ ಹೆಚ್ಚು. ಇನ್ನೊಂದು ಚಿತ್ರ ಈ ವರ್ಷದ್ದು. ಅಂಚಿನಿಂದ ಅಂಚಿಗೆ ಶೀಟು, ಕಾಂಕ್ರೀಟಿನ ಬಿಸಿ ತೋರಿಸುವ ಕೆಂಪು.

ಕಾಂತರಾಜು ಹಳೆಯ ಚಿತ್ರವನ್ನು ಬಹಳ ಹೊತ್ತು ನೋಡಿದ. ಆಮೇಲೆ ಒಂದು ಹಸಿರು ಚೌಕದ ಮೇಲೆ ಬೆರಳಿಟ್ಟ. ಅಲ್ಲಿ ತಮ್ಮ ರಾಗಿ ಹೊಲವಿತ್ತು, ಹೊಲದ ಮೂಲೆಯಲ್ಲಿ ಬಾವಿ, ಬಾವಿಯ ಮೇಲೆ ಬಾಗಿದ ಹೊಂಗೆ ಮರ. ತಾತ ತನಗೆ ಈಜು ಕಲಿಸಿದ್ದು ಅಲ್ಲೇ. ಆ ಬಾವಿ ಮುಚ್ಚಿದ ಜಾಗದಲ್ಲೇ ಈಗ ತನ್ನ ಗೋಡೌನು ಇದೆ ಎಂದ.

"ಈ ಕೆಂಪಲ್ಲಿ ಅರ್ಧ ನಾನೇ ಮಾರಿರೋದು ಮೇಡಂ."

ದನಿಯಲ್ಲಿ ನಾಟಕವಿರಲಿಲ್ಲ. ದಾನಮ್ಮ ಅವನ ಮುಖವನ್ನೇ ನೋಡಿದಳು. ಐದು ವರ್ಷದಿಂದ ಅವಳು ಆ ಚೌಕಗಳನ್ನು ನೋಡುತ್ತಿದ್ದಳು. ಒಂದು ಚೌಕದೊಳಗೆ ಈಜು ಕಲಿಯುವ ಹುಡುಗನೊಬ್ಬ ಇರಬಹುದೆಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ.

ಇವನು ನನಗೆ ಇಷ್ಟ... ಬಹಳ ಇಷ್ಟ, ಎಂದು ಅವಳ ಮನಸ್ಸು ಮೊದಲ ಸಲ ನೇರವಾಗಿ ಹೇಳಿದ್ದು ಆಗಲೇ.

ಅವತ್ತೇ ಅವನು, ನಮ್ಮ ಶೀಟಿಗೆ ಬಿಳಿ ಬಣ್ಣ ಹೊಡೆದರೆ ಹೇಗೆ ಎಂದು ಕೇಳಿದ. ಮೇ ಮುಗಿಯುವವರೆಗೆ ಒಂದು ಹನಿ ಬಣ್ಣವೂ ಬೇಡ, ಲೆಕ್ಕ ಕೆಡುತ್ತದೆ ಎಂದಳು. ಅವನು ಜೂನ್ ಒಂದಕ್ಕೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡ.

ಮಂಗಳವಾರ ಅಂಗಡಿಗೆ ರಜೆ. ಅವತ್ತು ಅವನ ಲಗೇಜ್ ಆಟೋ ಬೆಳಿಗ್ಗೆಯಿಂದ ಸಂಜೆಯವರೆಗೆ ದಾನಮ್ಮನ ಸೇವೆಗೆ. ಒಂದು ಮಂಗಳವಾರ ಕೆಂಗೇರಿ, ಒಂದು ಮಂಗಳವಾರ ಆರ್‌ಪಿಸಿ ಲೇಔಟ್. ಡಬ್ಬಿ ನೋಡುವುದು ಹತ್ತು ನಿಮಿಷದ ಕೆಲಸ. ಅದಕ್ಕೆ ಇಡೀ ದಿನ ಯಾಕೆ ಬೇಕಾಗುತ್ತಿತ್ತು ಎಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಕೆರೆ ದಂಡೆಯಲ್ಲಿ ಕೂತು ಕಲ್ಲಂಗಡಿ ತಿಂದರು. ಅವನು ಬೀಜ ಉಗುಳುವುದರಲ್ಲಿ ಅವಳಿಗೆ ಸೋತ. ಬೇಕೆಂದೇ ಸೋತನೆಂದು ಅವಳಿಗೆ ಗೊತ್ತಿತ್ತು.

ಹೇಳಬೇಕಾದ್ದನ್ನು ಮಾತ್ರ ಯಾರೂ ಹೇಳಲಿಲ್ಲ. ಮೇ ಮುಗಿಯಲಿ, ಕೆಲಸ ಮುಗಿಯಲಿ, ಆಮೇಲೆ ಹೇಳೋಣ ಎಂದು ಅವಳು. ಡಬ್ಬಿ ಇರುವವರೆಗಂತೂ ಬಂದೇ ಬರುತ್ತಾಳಲ್ಲ, ನಿಧಾನವಾಗಿ ಹೇಳೋಣ ಎಂದು ಅವನು.

* * *

ಮೇ ಮೂವತ್ತೊಂದಕ್ಕೆ ಎಂಟೂ ಡಬ್ಬಿಗಳು ಲ್ಯಾಬಿಗೆ ಬಂದವು. ಮರುದಿನ ಬೆಳಿಗ್ಗೆ ದಾನಮ್ಮ ಹಾಡು ಗುನುಗುತ್ತಾ ಒಂದೊಂದನ್ನೇ ಕಂಪ್ಯೂಟರಿಗೆ ಜೋಡಿಸಿದಳು. ಹೆಗ್ಗನಹಳ್ಳಿಯದನ್ನು ಕೊನೆಗೆ ಇಟ್ಟುಕೊಂಡಿದ್ದಳು. ಇಷ್ಟವಾದ ತಿಂಡಿಯನ್ನು ತಟ್ಟೆಯ ಅಂಚಿಗೆ ತಳ್ಳಿಟ್ಟುಕೊಳ್ಳುತ್ತೇವಲ್ಲ, ಹಾಗೆ.

ಪರದೆಯ ಮೇಲೆ ಗೆರೆ ಮೂಡಿತು. ಗುನುಗು ನಿಂತಿತು.

ಬೆಳಿಗ್ಗೆಯಿಂದ ಏರುತ್ತಾ ಬಂದ ಬಿಸಿ, ಮಧ್ಯಾಹ್ನ ಒಂದಕ್ಕೆ ನಲವತ್ತು ಡಿಗ್ರಿ ಮುಟ್ಟಿ ಇದ್ದಕ್ಕಿದ್ದಂತೆ ಇಪ್ಪತ್ತಾರಕ್ಕೆ ಕುಸಿಯುತ್ತಿತ್ತು. ಮೂರು ಗಂಟೆಗೆ ಮತ್ತೆ ಎದ್ದು ನಿಲ್ಲುತ್ತಿತ್ತು. ಒಂದು ದಿನವಲ್ಲ, ಎರಡು ದಿನವಲ್ಲ... ಏಪ್ರಿಲ್ ಪೂರ್ತಿ, ಮೇ ಪೂರ್ತಿ. ಬಿಸಿಲು ನೆತ್ತಿಗೇರುವ ಹೊತ್ತಿಗೇ ಯಾರೋ ಡಬ್ಬಿಯನ್ನು ತಣ್ಣಗೆ ಮಾಡಿದ್ದಾರೆ. ಒದ್ದೆ ಬಟ್ಟೆ ಸುತ್ತದೆ ಹೀಗಾಗಲು ಸಾಧ್ಯವೇ ಇಲ್ಲ.

ಶನಿವಾರಗಳಲ್ಲಿ ಮಾತ್ರ ಕುಸಿತವಿರಲಿಲ್ಲ. ಅವಳು ಬರುತ್ತಿದ್ದ ಶನಿವಾರಗಳಲ್ಲಿ!

ಗೊತ್ತಿದ್ದೇ ಮಾಡಿದ್ದಾರೆ. ನನ್ನ ಕಣ್ಣು ತಪ್ಪಿಸಿ ಮಾಡಿದ್ದಾರೆ. ಆ ಮನೆಯಲ್ಲಿ ಯಾರಿಗೆ ಶೀಟಿನ ಬಿಸಿ ಕಡಿಮೆ ಕಾಣಿಸಬೇಕು? ಅವಳು ಆ ಗೆರೆಗಳನ್ನು ಕಾಗದಕ್ಕೆ ಮುದ್ರಿಸಿಕೊಂಡು ಎದ್ದು ಹೊರಟಳು. ಎರಡು ತಿಂಗಳ ದುಡಿಮೆ ಹೋಯಿತೆಂದಲ್ಲ. ಆ ಹಸಿರು ಚೌಕದ ಮೇಲೆ ಬೆರಳಿಟ್ಟವನನ್ನು ನಂಬಿದ್ದೆನಲ್ಲ ಎಂದು.

ಮಧ್ಯಾಹ್ನದ ಹೊತ್ತಿಗೆ ಅವಳು ಅಂಗಡಿಯ ಮುಂದೆ ನಿಂತಿದ್ದಳು. ಕಾಂತರಾಜು ಬಿಳಿ ಬಣ್ಣದ ಡಬ್ಬಗಳನ್ನು ಎಣಿಸಿ ಜೋಡಿಸುತ್ತಿದ್ದ. ಅವಳನ್ನು ಕಂಡು ಮುಖವರಳಿಸಿದ. ಅವಳು ಗೆರೆಗಳ ಕಾಗದವನ್ನು ಮೇಜಿನ ಮೇಲೆ ಇಟ್ಟಳು.

"ಒಂದರಿಂದ ಮೂರು. ದಿನಾ ನನ್ನ ಡಬ್ಬಿಗೆ ಯಾರೋ ತಂಪು ಮಾಡ್ಯಾರ. ನಾ ಬರೂ ದಿನ ಬಿಟ್ಟು. ಯಾರು ಮಾಡಿದ್ರಿ?"

ಅವನು ಕಾಗದವನ್ನು ನೋಡಿದ. "ಒಂದರಿಂದ ಮೂರಾ?" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಮೇಲಿನಿಂದ ಹನುಮಕ್ಕ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಅವನ ಕಣ್ಣು ಒಂದು ಕ್ಷಣ ಮೆಟ್ಟಿಲ ಕಡೆ ಹೋಗಿ ಬಂತು. ಮುಖದ ನಗು ಇಳಿಯಿತು.

"ನಾನೇ ಮಾಡಿದ್ದು" ಎಂದ.

"ಯಾಕ?"

ಅವನು ಬಣ್ಣದ ಡಬ್ಬವೊಂದನ್ನು ಸರಿಸಿಟ್ಟ.

"ನಿಮ್ಮ ಶೀಟ್ ಮಾರಾಟ ಕಮ್ಮಿ ಆಗ್ತೈತಂತನ? ಅಷ್ಟ ಸಲುವಾಗಿ ನನ್ನ ಎರಡು ತಿಂಗಳು ಹಾಳ ಮಾಡಿದ್ರಿ?"

ಅವನು ಅವಳನ್ನು ನೋಡಿದ ನೋಟದಲ್ಲಿ ಏನೋ ಮುರಿದಂತಿತ್ತು. ತಪ್ಪು ಒಪ್ಪಿಕೊಂಡವನ ನೋಟ ಹಾಗಿರುವುದಿಲ್ಲ. ಆದರೆ ಕಣ್ಣು ತುಂಬಿ ಬಂದಿದ್ದ ದಾನಮ್ಮನಿಗೆ ಅದು ಕಾಣಲಿಲ್ಲ.

"ಹಂಗೇ ಅಂದ್ಕೊಳ್ಳಿ ಮೇಡಂ."

ಅವಳು ತಿರುಗಿ ನಡೆದಳು. ಮಾಗಡಿ ರಸ್ತೆಯಲ್ಲಿ ಬಸ್ಸು ಹತ್ತಿದ ಮೇಲೆ ಅಳು ಉಕ್ಕಿತು. ಪಕ್ಕದಲ್ಲಿ ಕೂತಿದ್ದ ಆಂಟಿಯೊಬ್ಬರು, ಏನಮ್ಮಾ ಏನಾಯ್ತು ಎಂದು ಕೇಳಿ ತಮ್ಮ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಅವಳ ಕೈಯಲ್ಲಿಟ್ಟರು. ಅವಳು ಅಳುತ್ತಲೇ ಅದನ್ನು ತಿಂದಳು.

* * *

ಒಂದು ವಾರ ಅವನ ಫೋನು ಬರಲಿಲ್ಲ. ಬರಲಿ ಎಂದು ಅವಳೂ ಕಾಯಲಿಲ್ಲ. ಅಂದರೆ, ದಿನಕ್ಕೆ ಇಪ್ಪತ್ತು ಸಲ ಫೋನು ನೋಡುವುದನ್ನು ಕಾಯುವುದು ಎಂದು ಕರೆಯದಿದ್ದರೆ.

ಶುಕ್ರವಾರ ವರದಿ ಒಪ್ಪಿಸಬೇಕಿತ್ತು. ಹೆಗ್ಗನಹಳ್ಳಿಯ ಲೆಕ್ಕವನ್ನು ಯಾಕೆ ಬಿಟ್ಟಿದ್ದೇನೆಂದು ಅದರಲ್ಲಿ ಬರೆಯಬೇಕು. ಯಾವ ಯಾವ ದಿನ ಕೆಟ್ಟಿದೆ ಎಂಬ ಪಟ್ಟಿಯೂ ಬೇಕು. ಗುರುವಾರ ಬೆಳಿಗ್ಗೆ ಅವಳು ರೂಮಿನಲ್ಲಿ ಒಂದು ಕಡೆ ಗೆರೆಗಳನ್ನೂ ಇನ್ನೊಂದು ಕಡೆ ತನ್ನ ಭೇಟಿಯ ಡೈರಿಯನ್ನೂ ಇಟ್ಟುಕೊಂಡು ಕೂತಳು. ಡೈರಿಯಲ್ಲಿ ಅವಳದೇ ಅಕ್ಷರ.

'ಮಂಗಳವಾರ. ಮಧ್ಯಾಹ್ನ 1.20. ಕೆಂಗೇರಿ ಕೆರೆ ದಂಡೆ. ಜೊತೆಗೆ ಕಾಂತರಾಜು.'

ಅದೇ ಮಂಗಳವಾರ, ಮಧ್ಯಾಹ್ನ ಒಂದಕ್ಕೆ ಹೆಗ್ಗನಹಳ್ಳಿಯಲ್ಲಿ ಡಬ್ಬಿ ತಣ್ಣಗಾಗಿತ್ತು.

ಅವಳು ಎರಡನ್ನೂ ಮತ್ತೆ ನೋಡಿದಳು. ಕೆಂಗೇರಿಯಲ್ಲಿ ಕಲ್ಲಂಗಡಿ ಬೀಜ ಉಗುಳುತ್ತಿದ್ದ ಮನುಷ್ಯ ಅದೇ ನಿಮಿಷದಲ್ಲಿ ಹೆಗ್ಗನಹಳ್ಳಿಯಲ್ಲಿ ಒದ್ದೆ ಬಟ್ಟೆ ಸುತ್ತಲು ಹೇಗೆ ಸಾಧ್ಯ? ಮುಂದಿನ ಮಂಗಳವಾರ ನೋಡಿದಳು. ಅದರ ಮುಂದಿನದು. ಅವನು ಇಡೀ ದಿನ ಅವಳ ಜೊತೆಗಿದ್ದ ಎಂಟೂ ಮಂಗಳವಾರ ಡಬ್ಬಿ ತಪ್ಪದೆ ತಂಪಾಗಿತ್ತು.

ಶನಿವಾರಗಳನ್ನು ಬಿಟ್ಟರೆ, ಮೇ ತಿಂಗಳ ನಡುವೆ ಮೂರು ದಿನ ಮಾತ್ರ ಯಾವ ಕುಸಿತವೂ ಇರಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ. ಬಿಸಿ ಸಲೀಸಾಗಿ ನಲವತ್ತು ದಾಟಿತ್ತು. ಆ ವಾರ ಏನಾಗಿತ್ತು? ಮಂಗಳವಾರ ಅವನು ಜೊತೆಗೆ ಬರಲಿಲ್ಲ, ಅಂಗಡಿಗೆ ಲೋಡು ಬಂದಿದೆಯೆಂದು ಮನೆಯಲ್ಲೇ ಉಳಿದಿದ್ದ. ಮತ್ತೆ ಆ ಮೂರು ದಿನ ಮನೆಯಲ್ಲಿ ಇಲ್ಲದವರು... ಹನುಮಕ್ಕ! ಮಾಗಡಿಯ ಹತ್ತಿರ ತೋಟದಲ್ಲಿದ್ದ ಮಗ ಸೊಸೆಯನ್ನು ನೋಡಲು ಹೋಗಿದ್ದರು. ಬರುವಾಗ ದಾನಮ್ಮನಿಗೆಂದು ಹಲಸಿನ ಹಣ್ಣು ತಂದಿದ್ದರು.

ಅವನಿಲ್ಲದ ಮಂಗಳವಾರಗಳಲ್ಲೂ ತಂಪಾಗಿದೆ. ಅಜ್ಜಿಯಿಲ್ಲದಾಗ ತಂಪಾಗಿಲ್ಲ. ಅವನು ಮೆಟ್ಟಿಲ ಕಡೆ ನೋಡಿದ್ದು ಅದಕ್ಕೇ. ಅಜ್ಜಿಯನ್ನು ಉಳಿಸಲು ತಪ್ಪನ್ನು ತನ್ನ ತಲೆಗೆ ಹಾಕಿಕೊಂಡಿದ್ದ.

ಮತ್ತೆ ನಾನು... ನಾನು ನಂಬಿಬಿಟ್ಟೆ. ಅಳೆದು ನೋಡದೆ ಏನನ್ನೂ ನಂಬದವಳು, ಇದೊಂದನ್ನು ಒಂದೇ ಮಾತಿಗೆ ನಂಬಿಬಿಟ್ಟೆ.

ದಾನಮ್ಮ ಕಾಗದಗಳನ್ನು ಚೀಲಕ್ಕೆ ತುರುಕಿದಳು. ಚಪ್ಪಲಿ ಅದಲು ಬದಲಾಗಿದ್ದು ಗೊತ್ತಾಗಿದ್ದು ಆಟೋದಲ್ಲಿ ಕೂತ ಮೇಲೆ. ಒಂದು ಕಾಲಲ್ಲಿ ಅವಳದು, ಇನ್ನೊಂದರಲ್ಲಿ ಅಪೂರ್ವಳದು.

* * *

ಅಂಗಡಿಯಲ್ಲಿ ಕಾಂತರಾಜು ಇರಲಿಲ್ಲ. ಟೆರೇಸಿನಲ್ಲಿ ಹನುಮಕ್ಕ ಒಬ್ಬರೇ ನೆರಳಿಗೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಶೀಟಿಗೆ ಬಿಳಿ ಬಣ್ಣ ಬಿದ್ದಿತ್ತು. ಕಂಬ ಖಾಲಿಯಾಗಿತ್ತು.

"ಬಂದ್ಯಾ ನನ್ನವ್ವ" ಎಂದರು ಅಜ್ಜಿ. "ಡಬ್ಬಿ ಹೋಯ್ತು, ಮೊಗ ಬರೋದೂ ಹೋಯ್ತು ಅಂತ ಸಂಕಟ ಪಡ್ತಿದ್ದೆ. ಕಾಂತನ್ನ ಕೇಳಿದ್ರೆ ಕೆಲಸ ಮುಗೀತು ಅಂತ ಅಂದು ಮುಖ ತಿರುಗಿಸ್ಕೊಂಡು ಹೋಗ್ತಾನೆ."

ದಾನಮ್ಮ ಅವರ ಪಕ್ಕದಲ್ಲಿ ಕೂತು ತಾನೂ ಹುಣಸೆಹಣ್ಣು ಬಿಡಿಸತೊಡಗಿದಳು. ಬೈಯುವ ಮನಸ್ಸಿನಿಂದ ಬಂದಿರಲಿಲ್ಲ. ಆದರೂ ಗೊತ್ತಾಗಬೇಕಿತ್ತು. ಆ ಡಬ್ಬಿಗೆ ಮಧ್ಯಾಹ್ನದ ಹೊತ್ತು ಒದ್ದೆ ಬಟ್ಟೆ ಕಟ್ಟುತ್ತಿದ್ದಿರಾ ಎಂದು ಮೆಲ್ಲಗೆ ಕೇಳಿದಳು.

ಹನುಮಕ್ಕ ಮುಚ್ಚಿಡಲಿಲ್ಲ. ಕಟ್ಟುತ್ತಿದ್ದೆ ಎಂದರು, ಅದೇನು ಮಹಾ ಎನ್ನುವ ಹಾಗೆ. ತಮ್ಮ ಹಳೆಯ ಸೀರೆಯ ತುಂಡು. ಊಟವಾದ ಮೇಲೆ ಕಟ್ಟಿ, ಒಂದು ನಿದ್ದೆ ತೆಗೆದು, ಎದ್ದು ಬಿಚ್ಚುವುದು.

"ಯಾಕಾಯಿ?"

"ಇನ್ನೇನವ್ವ ಮತ್ತೆ. ನಮ್ಮನೆ ಎಷ್ಟು ಬಿಸಿ ಅಂತ ಡಬ್ಬಿ ಬರ್ಕೊಳ್ಳುತ್ತೆ, ನೀನು ಅದನ್ನ ನೋಡ್ತೀಯ ಅಂತ ಕಾಂತ ಹೇಳಿದ್ದ. ಗಂಡಿನ ಮನೆ ನೋಡಕ್ಕೆ ಹೆಣ್ಣಿನ ಕಡೆಯೋರು ಬರಲ್ವಾ, ಹಂಗೆ. ನೀನು ಓದಿದೋಳು, ನೀನೇ ನಿನ್ ಮನೆ ಪರೀಕ್ಷೆ ಮಾಡ್ಕೊತಾ ಇದೀಯ ಅಂದ್ಕೊಂಡೆ. ಇಂಥ ಸುಡೋ ಮನೆ ಅಂತ ಗೊತ್ತಾದ್ರೆ ಯಾವ ಹೆಣ್ಣು ಬರ್ತಾಳೆ? ನೀನು ಬರೋ ದಿನ ನಿನ್ ಎದುರಿಗೇ ಹೆಂಗ್ ಕಟ್ಲಿ? ಅದ್ಕೇ ಶನಿವಾರ ಬಿಟ್ಟು ಕಟ್ಟಿದೆ."

ದಾನಮ್ಮ ಅಜ್ಜಿಯ ಕಡೆಗೆ ಪೂರ್ತಿ ತಿರುಗಿ ಕೂತಳು. ನಾನು ಈ ಮನೆಗೆ ಬರುವವಳು ಎಂದು ನಿಮಗೆ ಯಾರು ಹೇಳಿದರು ಎಂದು ಕೇಳಿದಳು.

"ನೀನೇ! ಮೊದಲನೇ ದಿನಾನೇ ಏಣಿ ಮೇಲಿಂದ 'ರೀ... ರೀ...' ಅಂತ ಅವನನ್ನ ಕೂಗಿದೆಯಲ್ಲ? ನಮ್ ಕಡೆ ಹೆಣ್ಮಗು ಹಂಗೆ ಕೂಗೋದು ಕಟ್ಕೊಂಡೋನ್ನ ಮಾತ್ರ ಕಣವ್ವ. ಆಮೇಲೂ ಬಂದಾಗೆಲ್ಲ ರೀ, ರೀ, ರೀ... ಸರಿ ಬಿಡು, ಇವರಿಬ್ಬರೂ ಒಪ್ಕೊಂಡವ್ರೆ, ನನ್ಗೆ ಹೇಳಕ್ಕೆ ನಾಚ್ಕೊತಾವ್ರೆ ಅಂತ ನಾನೂ ಸುಮ್ನಿದ್ದೆ."

ದಾನಮ್ಮನಿಗೆ ನಗು ತಡೆಯಲಾಗಲಿಲ್ಲ. ಒಂದು ವಾರದ ಅಳು ಆ ನಗುವಿನೊಳಗೆ ಎಲ್ಲಿ ಕರಗಿತೋ ತಿಳಿಯದು. ನಮ್ಮೂರಲ್ಲಿ ಬಸ್ ಕಂಡಕ್ಟರನಿಗೂ ರೀ ಎನ್ನುತ್ತೇವೆ, ಹಾಲು ಹಾಕುವವನಿಗೂ ರೀ ಎನ್ನುತ್ತೇವೆ ಎಂದು ಬಿಡಿಸಿ ಹೇಳಿದಳು.

ಹನುಮಕ್ಕನ ಕೈಯಲ್ಲಿದ್ದ ಹುಣಸೆಹಣ್ಣು ಹಾಗೇ ನಿಂತಿತು. ಮುಖ ಸಣ್ಣದಾಯಿತು.

"ಹಂಗಾದ್ರೆ... ನೀನು ಅವ್ನಿಗೆ ಅಂದಿದ್ದೂ ಹಾಲಿನೋನಿಗೆ ಅಂದಂಗೇನಾ?"

ಇಷ್ಟು ದಿನ ಬಾಯಿಗೆ ಬಂದು ವಾಪಸ್ಸು ಹೋಗುತ್ತಿದ್ದ ಮಾತು ಈಗ ತಾನಾಗಿ ಹೊರಗೆ ಬಂತು.

"ಇಲ್ಲ ಆಯಿ. ಮೊದಲನೇ ದಿನ ಹಂಗ ಇತ್ತು. ಆಮ್ಯಾಲ ಇರಲಿಲ್ಲ."

ಅಜ್ಜಿ ಅವಳ ಗಲ್ಲ ಹಿಡಿದು ನೋಡಿದರು. ಅವರ ಕಣ್ಣು ಅವಳ ಹಿಂದೆ ಎಲ್ಲೋ ನೆಟ್ಟಿತ್ತು. ದಾನಮ್ಮ ತಿರುಗಿದಳು. ಮೆಟ್ಟಿಲ ಬಾಗಿಲಲ್ಲಿ ಕಾಂತರಾಜು ನಿಂತಿದ್ದ. ಯಾವಾಗಿನಿಂದ ನಿಂತಿದ್ದನೋ, ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ಟಿನಿಂದ ತೊಟ್ಟಿಕ್ಕಿದ ನೀರು ಅವನ ಕಾಲ ಬಳಿ ಸಣ್ಣ ಮಡು ಕಟ್ಟಿತ್ತು.

ಹನುಮಕ್ಕ ಎದ್ದರು. ಮೊಮ್ಮಗನ ಕೈಯಿಂದ ಹಾಲು ಕಿತ್ತುಕೊಂಡು, ಕಾಫಿ ಮಾಡುತ್ತೇನೆಂದು ಇಳಿದು ಹೋದರು. ಅವತ್ತಿನ ಕಾಫಿ ಆಗಲು ಮುಕ್ಕಾಲು ಗಂಟೆ ಹಿಡಿಯಿತು.

* * *

ಇಬ್ಬರೇ ಉಳಿದರು. ಯಾರು ಮೊದಲು ಮಾತಾಡಬೇಕೆಂಬುದೇ ಒಂದು ಸಮಸ್ಯೆಯಾಯಿತು.

"ತಪ್ಪಾತ್ರಿ" ಎಂದಳು ದಾನಮ್ಮ. "ನಾ ಅವತ್ತು ಅಂಥಾ ಮಾತು ಆಡಬಾರದಾಗಿತ್ತು. ಎಂಟು ಮಂಗಳವಾರ ನೀವು ನನ್ನ ಬಾಜೂಕನ ಕುಂತಿದ್ರಿ. ಅದು ನನಗ ಹೊಳೀಲಿಲ್ಲ."

"ನಾನೇ ಮಾಡಿದ್ದು ಅಂತ ನಾನೇ ಹೇಳಿದ್ನಲ್ಲ. ನಿಮ್ದೇನ್ ತಪ್ಪು?"

"ಯಾಕ ಹೇಳಿದ್ರಿ?"

ಅವನು ಬಂದು ಅಜ್ಜಿ ಎದ್ದುಹೋದ ಜಾಗದಲ್ಲಿ ಕೂತ. ಅಜ್ಜಿ ಯಾಕೆ ಹಾಗೆ ಮಾಡಿದರೆಂದು ಅವನಿಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಈಗ, ಬಾಗಿಲಲ್ಲಿ ನಿಂತಾಗಲೇ. ಆದರೆ ಅಷ್ಟು ಸಿಟ್ಟಿನಲ್ಲಿ ಅವಳು ಮೇಲೆ ಹೋಗಿ ಎಂಬತ್ತು ವರ್ಷದ ಅಜ್ಜಿಯನ್ನು ಪ್ರಶ್ನೆ ಮಾಡುವುದು, ಅಜ್ಜಿ ತಲೆ ತಗ್ಗಿಸುವುದು, ಅದನ್ನು ನೋಡಲು ತನ್ನ ಕೈಲಾಗುತ್ತಿರಲಿಲ್ಲ ಎಂದ.

"ಇನ್ನೊಂದೂ ಇತ್ತು" ಎಂದ ಆಮೇಲೆ. "ನಾನೇ ಮಾಡಿದೆ ಅಂದ್ರೂ ನೀವು ನಂಬಲ್ಲ ಅಂದ್ಕೊಂಡಿದ್ದೆ. ಎಲ್ಲಾರ್ಗೂ ಅಳೆದು ನೋಡಿ ಅಂತೀರ, ನನ್ನನ್ನೂ ಎರಡು ತಿಂಗಳು ನೋಡಿದೀರಲ್ಲ ಅಂತ... ನಂಬಿಬಿಟ್ರಿ. ಅದೇ ನೋವಾಯ್ತು. ಅದ್ಕೇ ಫೋನ್ ಮಾಡ್ಲಿಲ್ಲ."

ದಾನಮ್ಮನ ಕಣ್ಣಲ್ಲಿ ಮತ್ತೆ ನೀರು. ಅದನ್ನು ಒರೆಸಿಕೊಳ್ಳಲೂ ಇಲ್ಲ, ಮುಚ್ಚಿಕೊಳ್ಳಲೂ ಇಲ್ಲ.

"ಇನ್ನೊಮ್ಮೆ ನಂಬಂಗಿಲ್ರಿ. ನೀವ ಬಂದು ಹೇಳಿದ್ರೂ ನಂಬಂಗಿಲ್ಲ."

ಅವನು ನಕ್ಕ. ಒಂದು ವಾರದಿಂದ ಈ ಟೆರೇಸಿನಲ್ಲಿ ಯಾರೂ ನಕ್ಕಿರಲಿಲ್ಲ.

ಲೆಕ್ಕದ ಗತಿಯೇನು ಎಂದು ಅವನು ಗಾಬರಿಯಿಂದ ಕೇಳಿದ. ಅವಳು ಅಲ್ಲೇ ಕೂತು ತನ್ನ ಸಂಸ್ಥೆಯ ಹಿರಿಯ ಮೇಡಂಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು, ಅಜ್ಜಿಯ ಸೀರೆ ತುಂಡಿನ ಸಮೇತ. ಅತ್ತ ಕಡೆಯಿಂದ ಬಹಳ ಹೊತ್ತು ನಗು ಮಾತ್ರ ಕೇಳಿಸಿತು. ನಡೆದದ್ದನ್ನು ನಡೆದ ಹಾಗೆಯೇ ವರದಿಯಲ್ಲಿ ಬರಿ, ಮುಚ್ಚಿಡಬೇಡ ಎಂದರು ಮೇಡಂ. ಉಳಿದ ಏಳು ಜಾಗದ ಲೆಕ್ಕ ಗಟ್ಟಿಯಾಗಿದೆ. ಹೆಗ್ಗನಹಳ್ಳಿಯನ್ನು ಮಾತ್ರ ಮುಂದಿನ ಬೇಸಿಗೆ ಇನ್ನೊಮ್ಮೆ ಅಳೆಯಬೇಕು. ಬಣ್ಣ ಹೊಡೆಯದ ಪಕ್ಕದ ಶೀಟಿನ ಮೇಲೊಂದು, ಬಣ್ಣ ಹೊಡೆದ ಈ ಶೀಟಿನ ಮೇಲೊಂದು, ಎರಡು ಡಬ್ಬಿ ಇಡು ಎಂದೂ ಹೇಳಿದರು.

"ಅಂದ್ರೆ ಮುಂದಿನ ಬೇಸಿಗೆಗೂ ಬರ್ತೀರ" ಎಂದ ಕಾಂತರಾಜು, ಫೋನು ಕೆಳಗಿಟ್ಟ ಮೇಲೆ.

"ಬರಬೇಕಲ್ರಿ."

"ಬರೋದು ಯಾಕೆ? ಇಲ್ಲೇ ಇದ್ಬಿಡಿ."

ಹೇಳಿದ ಮೇಲೆ ಅವನಿಗೇ ಹೆದರಿಕೆಯಾಯಿತು. ಅವಳು ಬೆರಳಿಗಂಟಿದ ಹುಣಸೆಯ ನಾರನ್ನು ಬಿಡಿಸುತ್ತಿದ್ದಳು. ಕೆಳಗೆ ಅಡುಗೆಮನೆಯಲ್ಲಿ ಸದ್ದಿಲ್ಲ. ಪಾತ್ರೆ ಹಿಡಿದುಕೊಂಡು ಅಜ್ಜಿ ಮೆಟ್ಟಿಲಿಗೆ ಕಿವಿ ಕೊಟ್ಟಿದ್ದರೆಂದು ಇಬ್ಬರಿಗೂ ಗೊತ್ತಿತ್ತು.

"ನೀವಂದ್ರೆ ನನಗೆ ಇಷ್ಟ" ಎಂದ ಅವನು, ಈ ಸಲ ನಿಧಾನವಾಗಿ. "ಡಬ್ಬಿ ಹಿಡಿದ ದಿನದಿಂದ ಇಷ್ಟ. ಮನೆ ಬಿಸಿ ಇದೆ. ಸುಳ್ಳು ಹೇಳಲ್ಲ."

"ನಾ ವಿಜಯಪುರದಾಕಿ. ನಲವತ್ತು ಅಂದ್ರ ನಮ್ಮೂರಾಗ ಗಾಳಿ ಬಿಟ್ಟೈತಿ ಅಂತ ಹೊರಗ ಕುಂದ್ರತೀವ್ರಿ. ಆಯಿ ಒಂದ್ ಮಾತು ಕೇಳಿದ್ರ ಹೇಳ್ತಿದ್ದೆ."

ಕೆಳಗೆ ಪಾತ್ರೆ ಬಿದ್ದ ಸದ್ದು ಕೇಳಿಸಿತು.

ಅವನು ಕೈ ಚಾಚಿದ. ಅವಳು ಆ ಕೈಯಲ್ಲಿ ತನ್ನ ಕೈಯಿಟ್ಟಳು. ಹುಣಸೆಹಣ್ಣಿನ ಅಂಟು, ಬಿಳಿ ಬಣ್ಣದ ಕಲೆ, ಎರಡೂ ಒಂದಾದವು.

"ನಮ್ಮಪ್ಪಾರು ಮಾಸ್ತರು. ಭಾಳ ಪ್ರಶ್ನೆ ಕೇಳ್ತಾರ" ಎಂದಳು ಅವಳು. "ಏನು ಹೇಳ್ತೀರಿ?"

"ನಿಮ್ಮ ಮಗಳು ಅಂದ್ರೆ ನನಗೆ ಪ್ರಾಣ, ನಮ್ಮನೆ ನಲವತ್ತು ಡಿಗ್ರಿ ಇರುತ್ತೆ, ಎರಡೂ ನಿಜ ಅಂತೀನಿ."

"ನಂಬಲಿಲ್ಲಂದ್ರ?"

"ಬಂದು ಅಳೆದು ನೋಡ್ಲಿ."